ಕೋಟಿನವನು ಕಟ್ಟಿಸಿದ ಗೋಡೆ

ಶಾಲುಬಾಯಿ ಸಾಯಲು ಆರಿಸಿಕೊಂಡ ದಿನ ಸರಿಯಿರಲಿಲ್ಲ. ಭಾನುವಾರ ಬೆಳಿಗ್ಗೆ ಭಾಲ್ಕಿಯ ಹಿಂದಿನ ಓಣಿಯೊಂದರ ಪ್ರಾರ್ಥನಾ ಮಂದಿರದಲ್ಲಿ ಕೈಲಾಶ ಸಾಹೇಬರಿಗೆ ಸನ್ಮಾನ. ಇಲೆಕ್ಷನ್ ಹತ್ತಿರ ಬಂದಿತ್ತು, ಹಾಗಾಗಿ ಸಾಹೇಬರಿಗೆ ಹುಟ್ಟಿದ ಓಣಿಯ ನೆನಪಾಗಿತ್ತು. ಬೀದರಿನಿಂದ ಗಾಡಿಗಳನ್ನು ಮಾಡಿಕೊಂಡು ಬರುವವರಿದ್ದರು. ಓಣಿಯ ಬಾಯಿಗೆ ಬ್ಯಾನರ್ ಕಟ್ಟಿಯಾಗಿತ್ತು. ಅದರಲ್ಲಿ ಸಾಹೇಬರು ಕೋಟು ಹಾಕಿಕೊಂಡು ಕೈ ಮುಗಿದಿದ್ದರು, ಮೇಲಿನ ಮೂಲೆಯಲ್ಲಿ ಯೇಸುಸ್ವಾಮಿಗೂ ಒಂಚೂರು ಜಾಗ ಕೊಟ್ಟಿದ್ದರು. ಇಂಥ ಹೊತ್ತಿನಲ್ಲಿ ಶನಿವಾರ ಮಧ್ಯಾಹ್ನವೇ ಮುದುಕಿ ಕಣ್ಣು ಮುಚ್ಚಿಬಿಟ್ಟಳು. ದೊಡ್ಡವರ ಕಾರ್ಯಕ್ರಮ ವಿಚಾರಿಸಿಕೊಂಡು ಸಾಯಬೇಕು ಎಂಬ ತಿಳಿವಳಿಕೆ ಬಡವರಿಗೆ ಇನ್ನೂ ಬಂದಿಲ್ಲ.

ಅತ್ತೆಯ ಮೈಯನ್ನು ಸೊಸೆ ಜನಾಬಾಯಿಯೇ ತೊಳೆದಳು. ಮೈ ಏನು, ಎಲುಬಿನ ಹಂದರ. ಅಂಗಾಲು ಮಾತ್ರ ಎಷ್ಟು ತಿಕ್ಕಿದರೂ ಕಪ್ಪು ಬಿಡಲಿಲ್ಲ. ಬದುಕಿಡೀ ಊರಿನ ಗಟಾರದ ದಂಡೆಯ ಮೇಲೆ ಬರಿಗಾಲಲ್ಲಿ ನಿಂತ ಕಾಲು ಅದು. ಜನಾಬಾಯಿಯ ಕಾಲೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಜನಾಬಾಯಿ ಔರಾದ ಕಡೆಯವಳು. ಮದುವೆಯಾಗಿ ಬಂದ ಮರುವಾರವೇ ಅವಳ ಕೈಗೆ ಸಲಿಕೆ ಬಂದಿತ್ತು. ಗಂಡ ಹಾವಗೆಪ್ಪ ಕಂತ್ರಾಟುದಾರನ ಕೆಳಗೆ ಗಟಾರ ಬಳಿಯುವವನು. ಅವನು ಒಳಗಿಳಿದು ಕೆಸರು ಎತ್ತಿ ಹಾಕಬೇಕು, ಇವಳು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯಬೇಕು. ಬುಟ್ಟಿಯಿಂದ ಸೋರಿದ ನೀರು ಕಿವಿಯ ಹಿಂದಿನಿಂದ ಇಳಿದು ಕುಪ್ಪಸದೊಳಗೆ ಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ಹೋಟೆಲಿನವನು ಚಹಾವನ್ನು ಮೇಲಿನಿಂದ ಹೊಯ್ಯುತ್ತಿದ್ದ. ಇವರು ಕ್ರೈಸ್ತರಾಗಿ ಮೂರು ತಲೆಮಾರು ಕಳೆದಿತ್ತು. ಆ ಸಂಗತಿಯನ್ನು ಚಹಾದವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವನು ಕೈಯನ್ನು ಕೆಳಗಿಳಿಸುತ್ತಿರಲಿಲ್ಲ.

ಹಾವಗೆಪ್ಪ ಕಳೆದ ಮಳೆಗಾಲದಲ್ಲಿ ಕಾಮಾಲೆಯಾಗಿ ಸತ್ತ. ಸತ್ತ ಮೇಲಾದರೂ ಗಟಾರದ ಸಹವಾಸ ತಪ್ಪಬೇಕಿತ್ತು, ತಪ್ಪಲಿಲ್ಲ. ಓಣಿಯಿಂದ ಸಮಾಧಿ ಭೂಮಿಗೆ ಹೋಗಲು ಮೊದಲು ಒಂದು ಬಂಡಿದಾರಿ ಇತ್ತು. ಅಜ್ಜ ಮುತ್ತಜ್ಜರು ಅದರ ಮೇಲೇ ಹೋದವರು. ಕೈಲಾಶ ಸಾಹೇಬರು ನಡುವಿನ ಹೊಲ ಕೊಂಡು ಪ್ಲಾಟು ಹಾಕಿದರು. ಪ್ಲಾಟಿಗೆ 'ಕೃಪಾ ನಗರ' ಅಂತ ಹೆಸರಿಟ್ಟರು. ಓಣಿಯ ಕಡೆ ಉದ್ದಕ್ಕೂ ಗೋಡೆ ಎದ್ದಿತು, ಬಂಡಿದಾರಿ ಗೋಡೆಯೊಳಗೆ ಹೋಯಿತು. ಹೆಣ ಹಾದುಹೋಗುವ ಕಡೆ ಪ್ಲಾಟು ಯಾರು ಕೊಳ್ಳುತ್ತಾರೆ? ಓಣಿಯವರಿಗೆ ಉಳಿದದ್ದು ಊರಿನ ಹೊಲಸೆಲ್ಲ ಹರಿದು ಬರುವ ದೊಡ್ಡ ಗಟಾರ. ಅದಕ್ಕಿಳಿದು ಆಚೆ ದಂಡೆಗೆ ಹತ್ತಬೇಕು.

ಹಾವಗೆಪ್ಪನ ಪೆಟ್ಟಿಗೆಯನ್ನು ಅಲ್ಲೇ ಇಳಿಸಿದರು. ಹೊತ್ತವನೊಬ್ಬನ ಕಾಲು ಜಾರಿತು. ಪೆಟ್ಟಿಗೆಯ ಒಂದು ತುದಿ ನೀರಿಗೆ ಮುಳುಗಿತು. ಎತ್ತಿದಾಗ ಹಲಗೆಯ ಸಂದಿನಿಂದ ಕಪ್ಪು ನೀರು ಸುರಿಯಿತು. ದಂಡೆಯ ಮೇಲೆ ನಿಂತಿದ್ದ ಶಾಲುಬಾಯಿ ಮಗನ ಪೆಟ್ಟಿಗೆಯಿಂದ ಸುರಿಯುವ ನೀರನ್ನು ನೋಡಿದಳು. ಅಳಲಿಲ್ಲ. ಸೊಸೆಯ ಮಣಿಕಟ್ಟು ಹಿಡಿದು ಹೇಳಿದಳು.

"ಜನಾ, ನನ್ನ ಮಾತ್ರ ಇದರಾಗ ಇಳಸಬ್ಯಾಡ. ಒಣ ಹಾದಿಲೆ ಒಯ್ಯಿ. ಮಾತು ಕೊಡು."

"ಕೊಟ್ಟೇನಿ ಅತ್ತಿ," ಅಂದಿದ್ದಳು ಜನಾಬಾಯಿ. ಗೋಡೆ ಅಲ್ಲೇ ಎದುರಿಗೇ ಇತ್ತು.

ಕೈಲಾಶ ಸಾಹೇಬರು ಹೊರಗಿನವರಲ್ಲ. ಹಾವಗೆಪ್ಪನ ಚಿಕ್ಕಪ್ಪನ ಮಗ. ಅವರನ್ನು ಸಾಹೇಬರನ್ನಾಗಿ ಮಾಡಿದ್ದೂ ಈ ಓಣಿಯೇ, ಮಾಡಿದ್ದಕ್ಕೆ ಕಾರಣ ಒಂದು ಕೋಟು. ಬಹಳ ಹಿಂದೆ ಬೀದರಿನಲ್ಲಿ ಯಾವುದೋ ನೌಕರಿಗೆ ಅಂತ ಅವನು ಕೋಟು ಹೊಲಿಸಿಕೊಂಡಿದ್ದ. ನೌಕರಿ ಸಿಗಲಿಲ್ಲ, ಕೋಟು ಉಳಿಯಿತು. ಆ ವರ್ಷ ಓಣಿಗೆ ನಳ ಬೇಕು ಅಂತ ಅರ್ಜಿ ಹಿಡಿದು ಆಫೀಸಿಗೆ ಹೋಗಬೇಕಿತ್ತು. ಯಾರು ಮಾತಾಡಬೇಕು? ಇವರು ಮಾತಾಡಿದರೆ ಆಫೀಸಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾವಗೆಪ್ಪನೇ ತಮ್ಮನ ಹೆಗಲ ಮೇಲೆ ಕೈ ಹಾಕಿ, "ನಿನ್ನತ್ರ ಕೋಟದ, ನೀ ಮುಂದ ನಡಿ. ನಾವು ಹಿಂದ ನಿಂದರ್ತೇವಿ," ಅಂದ. ಎಲ್ಲರಿಗೂ ಸರಿ ಅನ್ನಿಸಿತು. ಜನಾಬಾಯಿಯೇ ಅವತ್ತು ಆ ಕೋಟಿಗೆ ಇಸ್ತ್ರಿ ಮಾಡಿಕೊಟ್ಟಿದ್ದಳು. ಕೈಲಾಶ ಮುಂದೆ ನಡೆದ. ನಡೆದವನು ಹಿಂದಿರುಗಿ ನೋಡಲಿಲ್ಲ. ಬೀದರಿನಲ್ಲಿ ಮನೆ ಕಟ್ಟಿಸಿದ, ಕೋಟುಗಳು ಹೆಚ್ಚಾದವು. ನಳ ಕೂಡ ಬಂತು, ನೀರು ಬರುವುದು ಬಾಕಿ ಇದೆ.

ಈ ಓಣಿಯ ಮಂದಿರದಲ್ಲಿ ಒಂದು ಪದ್ಧತಿ ಇದೆ. ಮೊದಲು ಕ್ರೈಸ್ತರಾದ ಅಜ್ಜಂದಿರಿಗೆ ಓದು ಬರುತ್ತಿರಲಿಲ್ಲ. ಓದು ಬಂದ ಒಬ್ಬ ಬೈಬಲ್ಲಿನ ಒಂದೊಂದೇ ಮಾತು ಓದುವುದು, ಉಳಿದವರೆಲ್ಲ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುವುದು. ಈಗ ಓದು ಬಂದವರು ಬಹಳ ಮಂದಿ ಇದ್ದಾರೆ, ಪದ್ಧತಿ ಮಾತ್ರ ಹೋಗಿಲ್ಲ. ಪ್ರತಿ ಭಾನುವಾರ ಒಂದು ಅಧ್ಯಾಯ, ಪ್ರತಿ ಭಾನುವಾರ ಒಂದು ಮನೆಯ ಸರದಿ. ನಡುವೆ ಒಂದನ್ನೂ ಬಿಡುವಂತಿಲ್ಲ, ಹಿಡಿದ ಅಧ್ಯಾಯವನ್ನು ಮುಗಿಸದೆ ಏಳುವಂತಿಲ್ಲ. ಯಾವನು ಯಾವನಿಗೆ ಹುಟ್ಟಿದ ಎಂಬ ಉದ್ದನೆಯ ವಂಶಾವಳಿಗಳನ್ನೂ ಬಿಟ್ಟವರಲ್ಲ. ದೇವರಿಗೆ ಕಟ್ಟಿದ ಗುಡಾರದ ಉದ್ದ ಅಗಲ ಓದುವಾಗ ಅರ್ಧ ಸಭೆ ನಿದ್ದೆ ಹೋಗಿತ್ತು, ನಿದ್ದೆಯಲ್ಲೇ ತಿರುಗಿ ಹೇಳಿತ್ತು. ಈಗ ಯೆರೂಸಲೇಮಿನ ಪ್ರವಾದಿಯ ಪುಸ್ತಕ ನಡೆದಿತ್ತು. ಈ ಭಾನುವಾರ ಮೂರನೆಯ ಅಧ್ಯಾಯ, ಸರದಿ ಜನಾಬಾಯಿಯ ಮನೆಯದು.

ಆ ಅಧ್ಯಾಯದ ಕೊನೆಯ ಅರ್ಧ ಎಲ್ಲರಿಗೂ ಗೊತ್ತು. ಹೆಂಗಸರು ಕಾಲ್ಗೆಜ್ಜೆ ಕುಣಿಸುತ್ತ ಸೊಕ್ಕಿನಿಂದ ನಡೆಯುವುದರ ಬಗ್ಗೆ ಇದೆ. ಪಾಸ್ಟರ್ ಸುಶೀಲಕುಮಾರ ಅದರ ಮೇಲೆ ವರ್ಷಕ್ಕೊಮ್ಮೆಯಾದರೂ ಪ್ರಸಂಗ ಮಾಡುತ್ತಿದ್ದರು, ಎದುರಿಗೆ ಕೂತ ಹೆಂಗಸರ ಬರಿಗಾಲು ನೋಡುತ್ತಲೇ ಮಾಡುತ್ತಿದ್ದರು. ಮೊದಲ ಅರ್ಧದಲ್ಲಿ ನಾಡನ್ನು ಆಳುವವರ ಬಗ್ಗೆ ಇದೆ. ಅದರ ಮೇಲೆ ಪ್ರಸಂಗ ಮಾಡಲು ಅವರಿಗೆ ಯಾಕೋ ಸಮಯ ಸಿಕ್ಕಿರಲಿಲ್ಲ.

ಶನಿವಾರ ಸಂಜೆ ಪಾಸ್ಟರ್ ಸಾಹೇಬರು ಸಾಂತ್ವನ ಹೇಳಲು ಬಂದರು. ಹೆಣದ ಪಕ್ಕದಲ್ಲಿ ಪ್ರಾರ್ಥನೆ ಮಾಡಿದರು. ಆಮೇಲೆ ಕುರ್ಚಿಯನ್ನು ಹೆಣದಿಂದ ಸ್ವಲ್ಪ ದೂರ ಎಳೆದುಕೊಂಡರು.

"ಅಕ್ಕಾ, ಮುದುಕಿ ಪುಣ್ಯವಂತಿ. ಭಾನುವಾರ ದಿನಾ ಮಣ್ಣು ಸಿಗ್ತದ."

"ಎಷ್ಟೊತ್ತಿಗಿರಿ?"

"ಸಾಹೇಬ್ರ ಸನ್ಮಾನ ಮುಗದ ಕೂಡ್ಲೆ ಒಯ್ಯೋಣು."

"ಯಾವ ಹಾದಿಲೆರಿ?"

ಪಾಸ್ಟರ್ ಕಣ್ಣು ಮೇಲೆತ್ತಿದರು. "ಹಾದಿ ದೇವರು ತೋರಸ್ತಾನ."

"ದೇವರು ತೋರಿಸಿದ್ದ ಹಾದಿ ಇತ್ತಲ್ರಿ. ಅದರ ಮ್ಯಾಲೆ ಗ್ವಾಡಿ ಕಟ್ಟ್ಯಾರ."

ಪಾಸ್ಟರ್ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಗಂಟೆಗೋಪುರ ಇತ್ತು. ಮಂದಿರಕ್ಕೆ ಒಂದು ಗಂಟೆಗೋಪುರ ಕಟ್ಟಿಸಿಕೊಡುತ್ತೇನೆ ಅಂತ ಕೈಲಾಶ ಸಾಹೇಬರು ಮಾತು ಕೊಟ್ಟಿದ್ದರು. ಬೀದರಿನ ಯಾವ ಮಂದಿರಕ್ಕೂ ಕಡಿಮೆ ಇರಬಾರದು ಎಂಬುದು ಪಾಸ್ಟರರ ಆಸೆ.

"ಅಕ್ಕಾ, ಒಂದು ಮಾತು. ನಾಳಿ ಸಾಹೇಬ್ರಿಗಿ ಶಾಲು ನೀವೇ ಹೊದಸಬೇಕು. ಅವರ ಆಸಿ ಅದು. ಗ್ವಾಡಿ ಸಲುವಾಗಿ ಓಣ್ಯಾಗ ಮನಸ್ತಾಪ ಇಲ್ಲ ಅಂತ ಫೋಟೋದಾಗ ಕಾಣಬೇಕಲ್ಲ? ಮತ್ತ ನೀವು ದುಃಖದಾಗಿದ್ದೀರಿ, ಓದೋ ಸರದಿ ಬಿಟ್ಟುಬಿಡ್ರಿ."

"ಶಾಲು ಹೊದಸ್ಲಿಕ್ಕಿ ದುಃಖ ಇಲ್ಲ, ಓದ್ಲಿಕ್ಕಿ ದುಃಖ ಅದ ಏನ್ರಿ?"

ಪಾಸ್ಟರ್ ಮುಖ ಒರೆಸಿಕೊಂಡರು. "ಹಂಗಲ್ಲಕ್ಕಾ. ಓದ್ರಿ. ಆದ್ರ ಆ ಅಧ್ಯಾಯ ಬ್ಯಾಡ. ಕುರುಬನ ಕೀರ್ತನಿ ಓದ್ರಿ, ಹಸರ ಹುಲ್ಲಗಾವಲದ್ದು. ಸಾಹೇಬ್ರಿಗಿ ತಂಪಾಗ್ತದ."

"ಸಾಲು ಬಿಡಬಾರ್ದು ಅಂತ ನೀವೇ ಹೇಳ್ತಿರ್ರಿ. ಗುಡಾರದ ಗೂಟ ಸೈತ ಎಣಿಸಿ ಓದಿಸೀರಿ."

"ಆ ಗೂಟ ಯಾರಿಗೂ ಚುಚ್ಚಾಂಗಿಲ್ಲಕ್ಕಾ," ಅಂದುಬಿಟ್ಟರು ಪಾಸ್ಟರ್. ಅಷ್ಟೂ ವರ್ಷಗಳಲ್ಲಿ ಅವರ ಬಾಯಿಂದ ಬಂದ ಅತಿ ನಿಜವಾದ ಮಾತು ಅದು. ಅಂದದ್ದೇ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಜನಾಬಾಯಿ ಬಾಗಿಲವರೆಗೂ ಹೋದಳು. "ಶಾಲು ಹೊದಸ್ತೇನಿ ಅಂತ ಇಟ್ಕೋರಿ. ಹಾದಿ ಬಿಡ್ತಾರೇನ್ರಿ ನಾಳಿ?"

"ಮೊದಲ ಹೊದಸ್ರಿ ಅಕ್ಕಾ. ಮನಸು ಮೆತ್ತಗಾಗ್ತದ."

ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಮಂದಿರದ ಬಾಗಿಲ ಮುಂದೆ ಇಟ್ಟಿದ್ದರು. ಸತ್ತವರು ಕೊನೆಯ ಸಲ ಪ್ರಾರ್ಥನೆ ಕೇಳಿಕೊಂಡು ಹೋಗಲಿ ಅಂತ. ಸಾಹೇಬರ ಗಾಡಿ ನಿಲ್ಲಲು ಜಾಗ ಬೇಕಾಯಿತು. ಇಬ್ಬರು ಕಾರ್ಯಕರ್ತರು ಬಂದು ಪೆಟ್ಟಿಗೆಯನ್ನು ಬೇವಿನ ಮರದಾಚೆ, ಚಪ್ಪಲಿ ಬಿಡುವ ಕಡೆ ಸರಿಸಿದರು. ಅದರಲ್ಲಿ ಯಾರಿದ್ದಾರೆ ಅಂತ ಒಬ್ಬನೂ ಕೇಳಲಿಲ್ಲ. ಜನಾಬಾಯಿ ನೋಡುತ್ತ ನಿಂತಳು. ಒಳಗೆ ಹೋಗಿ ಓದುವವರ ಜಾಗದಲ್ಲಿ ನಿಂತಳು.

ಕೈಲಾಶ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅಷ್ಟು ಬಿಸಿಲಿನಲ್ಲೂ ಕೋಟು ಬಿಚ್ಚಿರಲಿಲ್ಲ. ಓಣಿಯವರೆಲ್ಲ ಚಾಪೆಯ ಮೇಲೆ. ಪಾಸ್ಟರ್ ಎದ್ದು ನಿಂತು, "ಈಗ ನಮ್ಮ ಅಕ್ಕಾ ಕೀರ್ತನೆ ಓದುತ್ತಾರೆ," ಅಂತ ಗಟ್ಟಿಯಾಗಿ ಸಾರಿದರು.

ಜನಾಬಾಯಿ ಮೂರನೆಯ ಅಧ್ಯಾಯ ತೆಗೆದಳು.

ಅವಳ ಓದು ರಾತ್ರಿಶಾಲೆಯಲ್ಲಿ ಕಲಿತ ಓದು. ಬೆರಳಿಟ್ಟು ಒಂದೊಂದು ಶಬ್ದ ಓದುತ್ತಿದ್ದಳು. ಊರು ಸೊಕ್ಕಿದ್ದಕ್ಕೆ ದೇವರು ಅದರ ರೊಟ್ಟಿಯ ಆಸರೆಯನ್ನೂ ನೀರಿನ ಆಸರೆಯನ್ನೂ ಕಿತ್ತುಕೊಳ್ಳುವನು ಅಂತ ಓದಿದಳು. ಸಭೆ ತಿರುಗಿ ಹೇಳಿತು. ಶೂರನೂ ನ್ಯಾಯಗಾರನೂ ಹಿರಿಯನೂ ಉಳಿಯುವುದಿಲ್ಲ ಅಂತ ಓದಿದಳು. ಸಭೆ ಹೇಳಿತು. ಕೈಲಾಶ ಸಾಹೇಬರೂ ಹೇಳಿದರು. ಹುಟ್ಟಿದ ಓಣಿಯ ಪದ್ಧತಿ ಮರೆತಿಲ್ಲ ಅಂತ ತೋರಿಸಬೇಕಿತ್ತು, ಫೋಟೋದವನು ಎದುರಿಗೇ ಇದ್ದ. ಎಲ್ಲರಿಗಿಂತ ದೊಡ್ಡ ದನಿ ತೆಗೆದು ಹೇಳಿದರು. ಪಾಸ್ಟರ್ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು.

ಜನಾಬಾಯಿಯ ಬೆರಳು ಮುಂದಿನ ಸಾಲಿಗೆ ಹೋಯಿತು. ಆಗ ಒಬ್ಬನು ತನ್ನ ತಂದೆಯ ಮನೆಯಲ್ಲೇ ಅಣ್ಣತಮ್ಮನನ್ನು ಹಿಡಿದು, ನಿನಗೆ ಮೇಲಂಗಿ ಉಂಟು, ನೀನೇ ನಮಗೆ ನಾಯಕನಾಗು, ಈ ಹಾಳುಬಿದ್ದದ್ದೆಲ್ಲ ನಿನ್ನ ಕೈಕೆಳಗಿರಲಿ ಅನ್ನುವನು.

ಓದಿ ಮುಗಿಸಿ ಅವಳು ಅಲ್ಲೇ ನಿಂತಳು. ಗಂಡ ಆ ದಿನ ತಮ್ಮನ ಹೆಗಲ ಮೇಲೆ ಕೈ ಇಟ್ಟದ್ದು ಕಣ್ಣಿಗೆ ಬಂತು. ಸಭೆಗೂ ಬಂದಿರಬೇಕು. ಮುಂದಿನ ಚಾಪೆಯವರು ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಹಿಂದಿನ ಚಾಪೆಯಿಂದ ಶುರುವಾಯಿತು. "ನಿನಗೆ ಮೇಲಂಗಿ ಉಂಟು, ನೀನೇ ನಮಗೆ ನಾಯಕನಾಗು." ಹೇಳುತ್ತ ಹೇಳುತ್ತ ಎಲ್ಲರ ಕಣ್ಣೂ ಒಂದು ಕೋಟಿನ ಮೇಲೆ ನಿಂತಿತು. ಸಾಹೇಬರ ಬಾಯಿ ಅರ್ಧ ಮಾತಿನಲ್ಲಿ ಮುಚ್ಚಿತು.

ಪುಸ್ತಕದಲ್ಲಿ ಮುಂದೆ, ಮೇಲಂಗಿಯವನು ಕೂಗುತ್ತಾನೆ. ನನ್ನಿಂದ ಆಗದು, ನನ್ನ ಮನೆಯಲ್ಲಿ ರೊಟ್ಟಿಯೂ ಇಲ್ಲ, ಬಟ್ಟೆಯೂ ಇಲ್ಲ, ನನ್ನನ್ನು ನಾಯಕನನ್ನಾಗಿ ಮಾಡಬೇಡಿರಿ. ಆ ಕಾಲದ ಮನುಷ್ಯನಿಗೆ ಅಷ್ಟಾದರೂ ನಾಚಿಕೆ ಇತ್ತು. ನಾಯಕರೇ ಹೀಗಾದ ಮೇಲೆ ಊರು ಎಡವಿತು, ನಾಡು ಬಿತ್ತು ಅಂತ ಪ್ರವಾದಿ ಬರೆಯುತ್ತಾನೆ. ಜನಾಬಾಯಿ ಓದುತ್ತ ಹೋದಳು, ಅವಳ ತೊದಲು ನಿಂತಿತ್ತು.

"ನಿನ್ನನ್ನು ನಡೆಸುವವರೇ ನಿನ್ನನ್ನು ತಪ್ಪಿಸುವರು. ನೀನು ನಡೆಯುವ ಹಾದಿಯನ್ನೇ ನುಂಗಿಬಿಡುವರು."

ಈ ಸಲ ಸಭೆ ತಡ ಮಾಡಲಿಲ್ಲ. ಹಾದಿ ಎಂಬ ಶಬ್ದ ಬಂದಾಗ ತಗಡಿನ ಚಾವಣಿ ನಡುಗಿತು.

ಪಾಸ್ಟರ್ ಓಡಿಬಂದು ಪುಸ್ತಕ ಮುಚ್ಚಿದರು. "ಇಷ್ಟು ಸಾಕು! ದೇವರ ವಾಕ್ಯಕ್ಕೆ ಸ್ತೋತ್ರ! ಈಗ ಸನ್ಮಾನ." ಶಾಲನ್ನು ಜನಾಬಾಯಿಯ ಕೈಗೆ ತುರುಕಿದರು.

ಕೈಲಾಶ ಸಾಹೇಬರು ನಗುತ್ತ ಎದ್ದರು. ಅವರು ಕಚ್ಚಾ ಮನುಷ್ಯರಲ್ಲ, ನಗುವುದು ಯಾವಾಗ, ಅಣ್ಣನ ಹೆಂಡತಿಯನ್ನು ವೈನಿ ಅನ್ನುವುದು ಯಾವಾಗ ಅಂತ ಬಲ್ಲವರು. "ವೈನಿ ಛಲೋ ಓದಿದ್ರು. ನಮ್ಮ ವೈನಿ ಸಿಟ್ಟು ನನಗ ಗೊತ್ತದ. ಗ್ವಾಡ್ಯಾಗ ಒಂದು ಗೇಟು ಇಡಸ್ತೇನಿ, ಆಯ್ತಾ? ಇಲೆಕ್ಷನ್ ಮುಗೀಲಿ. ಕೀಲಿ ನಮ್ಮ ಹುಡುಗ್ರತ್ರ ಇರ್ತದ. ಯಾರರೆ ಸತ್ರ ಫೋನ್ ಮಾಡ್ರಿ, ತೆಗೀತಾರ."

ಕಾರ್ಯಕರ್ತರು ಚಪ್ಪಾಳೆ ತಟ್ಟಿದರು. ಫೋಟೋದವನು ಮುಂದೆ ಬಂದ. ಸಾಹೇಬರು ಶಾಲಿಗಾಗಿ ತಲೆ ತಗ್ಗಿಸಿದರು.

"ನಿನ್ನಿ ಸತ್ತಾಳಲ್ಲ, ಆಕಿನ್ನ ಇವತ್ತು ಏನ್ ಮಾಡ್ಲಿ?" ಅಂದಳು ಜನಾಬಾಯಿ.

"ಇವತ್ತೊಂದು ದಿನ ಗಟಾರದ ಹಾದಿಲೆ ಒಯ್ರಿ ವೈನಿ. ಮಳಿಗಾಲ ಅಲ್ಲಲ್ಲ, ನೀರು ಕಮ್ಮಿ ಅದ."

ಜನಾಬಾಯಿಯ ಕೈಯಲ್ಲಿ ಶಾಲು ಹಾಗೇ ನಿಂತಿತು. ಆ ಕುತ್ತಿಗೆ ಅವಳ ಮುಂದೆ ಬಗ್ಗಿತ್ತು. ಆ ಕುತ್ತಿಗೆಗೆ ಬಂದ ಮೊದಲ ಕೋಟಿನ ಕಾಲರಿಗೆ ಅವಳೇ ಇಸ್ತ್ರಿ ಹಾಕಿದ್ದಳು.

"ಕೈಲಾಶಾ," ಅಂದಳು. ಸಾಹೇಬ ಎಂಬುದು ಬಾಯಿಗೆ ಬರಲೇ ಇಲ್ಲ. "ಮೈಮ್ಯಾಲೆ ಒಂದು ಕೋಟು ನೋಡಿ ನಿನ್ನ ಮುಂದ ಮಾಡಿದೆವು. ನಮ್ಮ ಹಾದಿ ನುಂಗಿದಿ. ಅದರ ಮ್ಯಾಲೆ ಈ ಶಾಲೂ ಹೊದಿಸಿದ್ರ ಇನ್ನೇನೇನು ನುಂಗ್ತಿಯೋ! ನಾ ಹೊದಸಂಗಿಲ್ಲ."

ಶಾಲು ಹಿಡಿದುಕೊಂಡೇ ಹೊರಗೆ ನಡೆದಳು. ಬೇವಿನ ಮರದಾಚೆ ಚಪ್ಪಲಿಗಳ ನಡುವೆ ಇದ್ದ ಪೆಟ್ಟಿಗೆಯ ಮೇಲೆ ಅದನ್ನು ಹರವಿದಳು. ಶಾಲುಬಾಯಿಗೆ ಜೀವಮಾನದಲ್ಲಿ ಸಿಕ್ಕ ಮೊದಲ ಸನ್ಮಾನ ಅದು, ಆಕೆಗೆ ಗೊತ್ತಾಗಲಿಲ್ಲ.

"ಅಧ್ಯಾಯ ಮುಗಿದಿಲ್ಲ," ಅಂದಳು ಹಿಂದೆ ಬಂದ ಓಣಿಯವರಿಗೆ. "ಮುಗಿಸದ ಏಳಬಾರ್ದು ಅಂತ ನಮ್ಮ ಅಜ್ಜಂದಿರ ಕಟ್ಟಳಿ. ನಡೀರಿ, ಗ್ವಾಡಿ ಕಡಿ ಮುಗಸೋಣು."

ನಾಲ್ವರು ಪೆಟ್ಟಿಗೆ ಎತ್ತಿದರು. ಹೆಂಗಸರು ಮನೆಗೆ ಹೋಗಿ ಸಲಿಕೆ, ಗುದ್ದಲಿ ತಂದರು. ಊರಿನ ಹೊಲಸು ಎತ್ತಲು ಕಂತ್ರಾಟುದಾರ ಕೊಟ್ಟ ಸಾಮಾನು. ಮಣ್ಣಿಗೆ ಅಂತ ಬಂದಿದ್ದ ಗೌಂಡಿ ಫಕ್ರೋದ್ದೀನ ಪಕ್ಕದ ಗಲ್ಲಿಯವನು. ಹಾವಗೆಪ್ಪನ ದೋಸ್ತ. ಗೋಡೆ ಕಟ್ಟಿದವನೂ ಅವನೇ. ಆವತ್ತಿನಿಂದ ಜನಾಬಾಯಿಯ ಮುಖ ನೋಡಿ ಮಾತಾಡಿರಲಿಲ್ಲ. ಈಗ ತನ್ನ ಹಾರೆ ಹಿಡಿದುಕೊಂಡು ಎದುರಿಗೆ ಬಂದ.

"ಭಾಬಿ, ಪೇಟ್ ಕೇ ವಾಸ್ತೆ, ಹೊಟ್ಟೀಪಾಡಿಗಿ ಕಟ್ಟಿದ್ದೆ. ಕಟ್ಟಿದ ಕೈಲಿಂದಾನೇ ಕೆಡವ್ತೇನಿ. ಸಾಹೇಬ ಸಿಮೆಂಟು ಭಾಳ ಕಮ್ಮಿ ಕೊಟ್ಟಿದ್ರು, ಅಲ್ಲಾ ಅವರಿಗಿ ಭಲಾ ಮಾಡ್ಲಿ."

ಗೋಡೆಯ ಮುಂದೆ ಪೆಟ್ಟಿಗೆ ಇಳಿಸಿದರು. ಪುಸ್ತಕ ಮಂದಿರದಲ್ಲಿ ಪಾಸ್ಟರರ ಕಂಕುಳಲ್ಲಿ ಉಳಿದಿತ್ತು. ಓಣಿಯ ಸಪನಾ ಎಂಬ ಕಾಲೇಜು ಹುಡುಗಿ ಮೊಬೈಲಿನಲ್ಲಿ ಅಧ್ಯಾಯ ತೆಗೆದುಕೊಟ್ಟಳು. ಜನಾಬಾಯಿ ಮೊಬೈಲಿನ ಮೇಲೆ ಬೆರಳಿಟ್ಟಳು, ಸಾಲು ಸರಿದುಹೋಯಿತು, ಮತ್ತೆ ಹುಡುಕಿಕೊಟ್ಟರು. ಬಡವರಿಂದ ಕಸಿದದ್ದು ನಿಮ್ಮ ಮನೆಗಳಲ್ಲೇ ಇದೆ ಅಂತ ಓದಿದಳು. ಓಣಿ ತಿರುಗಿ ಹೇಳಿತು, ಹಾರೆ ಬಿತ್ತು. ನನ್ನ ಜನರನ್ನು ಜಜ್ಜಿ ಬಡವರ ಮುಖಗಳನ್ನು ಅರೆಯುವುದು ಏತಕ್ಕೆ ಅಂತ ಓದಿದಳು. ಹಾರೆಯ ಜೊತೆ ಗುದ್ದಲಿಗಳೂ ಬಿದ್ದವು. ಇಟ್ಟಿಗೆ ಹಿಡಿತ ಬಿಟ್ಟು ಉದುರಿದವು. ದಿನವೂ ಹೊಲಸು ತುಂಬುವ ಬುಟ್ಟಿಗಳಲ್ಲಿ ಹೆಂಗಸರು ಇಟ್ಟಿಗೆ ತುಂಬಿ ಬದಿಗೆ ಸುರಿದರು. ಈ ಹೊರೆಯಿಂದ ಏನೂ ಸೋರುತ್ತಿರಲಿಲ್ಲ. ಕಾಲ್ಗೆಜ್ಜೆಯ ಭಾಗ ಬಂದಾಗ ಒಬ್ಬಳು, "ಇದು ಪಾಸ್ಟರ್ ಸಾಹೇಬ್ರಿಗಿ ಬಾಯಿಪಾಠ ಅದ, ಲಗೂನ ಓದು," ಅಂದಳು. ಎಲ್ಲರೂ ನಕ್ಕರು. ಆದರೂ ಒಂದು ಮಾತೂ ಬಿಡದೆ ಓದಿ ಮುಗಿಸಿದರು.

ಪೆಟ್ಟಿಗೆ ಹಾಯುವಷ್ಟು ಜಾಗವಾಯಿತು. ಆಚೆ ಬಂಡಿದಾರಿಯ ಗುರುತು ಇನ್ನೂ ಇತ್ತು.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಹಾದಿ ಮುಚ್ಚಿದಾಗ ಬಾರದ ಜೀಪು ಹಾದಿ ತೆರೆದಾಗ ಬಲು ಬೇಗ ಬಂತು. ಹಿಂದೆಯೇ ಸಾಹೇಬರ ಗಾಡಿ, ಗಾಡಿಯಲ್ಲಿ ಪಾಸ್ಟರ್. ಜಮೇದಾರ ಇಳಿದು ಲಾಠಿ ಜಾಡಿಸಿದ.

"ಯಾರ್ರೀ ನಿಮ್ಮ ಲೀಡರ್? ಮುಂದ ಬರ್ರಿ!"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರ ಕಣ್ಣು ಜನಾಬಾಯಿಯ ಕಡೆ ಹೊರಳಿದವು. ಅವಳಿಗೆ ಅದು ಕಂಡಿತು. ಹೆಗಲ ಮೇಲೆ ಕೈ ಬೀಳುವ ಮೊದಲೇ ಅವಳು ತಲೆಯಾಡಿಸಿದಳು. ಕೆಸರಾದ ಸೆರಗು, ಹರಿದ ಅಂಗಿ, ಇಟ್ಟಿಗೆಯ ಧೂಳು ಮೆತ್ತಿದ ಬನಿಯನ್ನು, ಅಲ್ಲಿದ್ದ ಎಲ್ಲವನ್ನೂ ಕೈ ಮಾಡಿ ತೋರಿಸಿದಳು.

"ನೋಡ್ರಿ ಜಮೇದಾರ ಸಾಹೇಬ್ರ. ನಮ್ಮೊಳಗ ಯಾರತ್ರಾನೂ ಕೋಟಿಲ್ಲ. ನಮ್ಮೊಳಗ ಲೀಡರ್ ಇಲ್ಲ."

ಪದ್ಧತಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಓಣಿ ಒಂದೇ ದನಿಯಲ್ಲಿ ತಿರುಗಿ ಹೇಳಿತು.

"ನಮ್ಮೊಳಗ ಯಾರತ್ರಾನೂ ಕೋಟಿಲ್ಲ. ನಮ್ಮೊಳಗ ಲೀಡರ್ ಇಲ್ಲ."

"ಹಂಗಾದ್ರ ಕೇಸು ಯಾರ ಮ್ಯಾಲೆ ಹಾಕ್ಲಿ?"

"ಎಲ್ಲಾರ ಮ್ಯಾಲೂ ಹಾಕ್ರಿ. ಅತ್ತೀನ್ನ ಮಣ್ಣ ಮಾಡಿ ಬರ್ತೇವಿ, ಇಲ್ಲೇ ನಿಂದರ್ರಿ."

ಜಮೇದಾರ ತಿರುಗಿ ಕೈಲಾಶ ಸಾಹೇಬರ ಗಾಡಿಯತ್ತ ನೋಡಿದ. ಗಾಡಿಯ ಗಾಜು ಮೇಲಕ್ಕೇರಿತ್ತು. ನಾಲ್ವರು ಪೆಟ್ಟಿಗೆಗೆ ಹೆಗಲು ಕೊಟ್ಟರು, ಒಂದು ಕಡೆ ಜನಾಬಾಯಿ, ಅವಳ ಹಿಂದೆ ಫಕ್ರೋದ್ದೀನ. ಉದುರಿದ ಇಟ್ಟಿಗೆಗಳನ್ನು ದಾಟಿ ಹಳೆಯ ಬಂಡಿದಾರಿಗೆ ಕಾಲಿಟ್ಟರು. ಜನಾಬಾಯಿ ಒಮ್ಮೆ ಕೆಳಗೆ ನೋಡಿಕೊಂಡಳು. ಹೊತ್ತವರೆಲ್ಲರ ಕಾಲೂ ಒಣಗಿತ್ತು.